ಗಾಯಕನ ಮಾತಿಗೆ ಹಾಡಿಗೇಕೆ ಶಿಕ್ಷೆ?

2001ರಿಂದ 2010ರವರೆಗೆ ಬಂದ ಕನ್ನಡ ಚಿತ್ರಗೀತೆಗಳಲ್ಲಿ ಅತ್ಯುತ್ತಮ ಯಾವುದು? ಈ ಪ್ರಶ್ನೆಯನ್ನು ಯಾವುದೇ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ. ಇಂಟರ್ನಲ್ಸ್ ಹಿಂದಿನ ರಾತ್ರಿಯಾದರೂ ಸರಿ, ಪುಸ್ತಕ ಮಡಚಿಟ್ಟು ಎಂಟು ಮಂದಿ ಸೇರುತ್ತಾರೆ. ತಮಾಷೆಯೆಂದರೆ, ಹೀಗೆ ಗಂಟಲು ಹರಿದುಕೊಳ್ಳುವ ನಾವೆಲ್ಲ ಆ ದಶಕದಲ್ಲಿ ತೊಟ್ಟಿಲಲ್ಲಿದ್ದವರು ಇಲ್ಲವೇ ಅಂಗನವಾಡಿಗೆ ಹೋಗುತ್ತಿದ್ದವರು. ‘ಮುಂಗಾರು ಮಳೆ’ ತೆರೆಕಂಡದ್ದು 2006ರ ಡಿಸೆಂಬರ್ ಕೊನೆಗೆ. ಆಗ ನಾನು ಅಂಬೆಗಾಲಿಡುತ್ತಿದ್ದೆ.

ಆದರೂ ಆ ಹಾಡುಗಳು ನಮ್ಮವೇ. ಏಕೆಂದರೆ ಹಳ್ಳಿಗಳಲ್ಲಿ ಹಾಡಿಗೆ ಬಿಡುಗಡೆಯ ದಿನಾಂಕ ಎನ್ನುವುದು ಇರುವುದಿಲ್ಲ. ನಮ್ಮ ಬಿಳಿಚೋಡಿನಲ್ಲಿ ಸಿನಿಮಾ ಮರೆತುಹೋದ ಮೇಲೂ ಅದರ ಹಾಡು ವರ್ಷಗಟ್ಟಲೆ ಓಡಾಡುತ್ತದೆ. ಮೊದಲು ಕ್ಯಾಸೆಟ್, ಆಮೇಲೆ ದಾವಣಗೆರೆ ಬಸ್ಸಿನ ಸ್ಪೀಕರ್, ಆಮೇಲೆ ಮೊಬೈಲ್ ಅಂಗಡಿ. ಹತ್ತಿಪ್ಪತ್ತು ರೂಪಾಯಿ ಕೊಟ್ಟರೆ ಮೆಮೊರಿ ಕಾರ್ಡ್ ತುಂಬ ಹಾಡು ಹಾಕಿಕೊಡುತ್ತಿದ್ದ ಕಾಲ ನೆನಪಿದೆಯೇ? ನಾವು ಆರಿಸುತ್ತಿರಲಿಲ್ಲ, ಅಂಗಡಿಯಣ್ಣನೇ ಆರಿಸುತ್ತಿದ್ದ. ‘ಕರಿಯ’, ‘ಜೋಗಿ’, ‘ದುನಿಯಾ’, ‘ಗಾಳಿಪಟ’ ಎಲ್ಲ ಒಂದೇ ಫೋಲ್ಡರಿನಲ್ಲಿ. ಮೆಕ್ಕೆಜೋಳದ ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಬಂತೆಂದರೆ ಎಂಜಿನ್ನಿಗಿಂತ ಮೊದಲು ಅದರ ಹಾಡು ಕೇಳಿಸುತ್ತಿತ್ತು. 2024 ಮತ್ತು 2025ರಲ್ಲಿ ಪುನೀತ್ ಅವರ ‘ಜಾಕಿ’ ಮತ್ತು ‘ಅಪ್ಪು’ ಮತ್ತೆ ತೆರೆಗೆ ಬಂದಾಗ ಥಿಯೇಟರಿನಲ್ಲಿ ಕುಣಿದವರಲ್ಲಿ ಬಹುಪಾಲು ನಮ್ಮ ವಯಸ್ಸಿನವರೇ.

ಹೀಗಿದ್ದ ಖುಷಿಯ ಜಗಳಕ್ಕೆ 2025ರ ಏಪ್ರಿಲ್ ನಂತರ ಬೇರೆ ಬಣ್ಣ ಬಂತು. ಬೆಂಗಳೂರಿನ ಕಾಲೇಜೊಂದರ ಕಾರ್ಯಕ್ರಮದಲ್ಲಿ ಕನ್ನಡ ಹಾಡು ಹಾಡಿ ಎಂದು ಯುವಕರು ಒತ್ತಾಯಿಸಿದಾಗ, ಸೋನು ನಿಗಮ್ ಆ ಒತ್ತಾಯವನ್ನು ಪಹಲ್ಗಾಮ್ ದಾಳಿಯ ಜೊತೆ ಜೋಡಿಸಿ ಮಾತನಾಡಿದರು. ಕೇಳಿದ ರೀತಿ ಬೆದರಿಕೆಯಂತಿತ್ತು ಎಂಬುದು ಅವರ ವಾದವಾಗಿತ್ತು. ದೂರು ದಾಖಲಾಯಿತು. ವಾಣಿಜ್ಯ ಮಂಡಳಿ ಅವರೊಂದಿಗೆ ಅಸಹಕಾರವೆಂದು ಘೋಷಿಸಿತು. ಅವರು ಕ್ಷಮೆಯನ್ನೂ ಕೇಳಿದರು. ಆ ಮಾತು ತಪ್ಪು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ತನ್ನ ಊರಿನಲ್ಲಿ ತನ್ನ ಭಾಷೆಯ ಹಾಡು ಕೇಳುವ ಹುಡುಗನಿಗೂ, ಜನರನ್ನು ಕೊಂದವರಿಗೂ ಏನು ಸಂಬಂಧ?

ಆದರೆ ಅಂದಿನಿಂದ ನಮ್ಮ ಪಟ್ಟಿಯ ಮೇಲೆ ಕೆಂಪು ಪೆನ್ನು ಓಡತೊಡಗಿತು. ‘ಅವರು ಹಾಡಿದ್ದೆಲ್ಲ ತೆಗೀರಿ’ ಎಂದರು ಕೆಲವರು. ತೆಗೆದರೆ ಏನಾಗುತ್ತದೆ ನೋಡಿ. ‘ಮುಂಗಾರು ಮಳೆ’ಯ ‘ಅನಿಸುತಿದೆ’ ಹೋಯಿತು. ‘ಮಿಲನ’ದ ‘ನಿನ್ನಿಂದಲೇ’ ಹೋಯಿತು. ‘ಗಾಳಿಪಟ’ದ ‘ಮಿಂಚಾಗಿ’ ಹೋಯಿತು. ಮೂರನ್ನೂ ಬರೆದವರು ಜಯಂತ ಕಾಯ್ಕಿಣಿ. ಮೊದಲೆರಡಕ್ಕೆ ಸಂಗೀತ ಮನೋಮೂರ್ತಿಯವರದು, ಮೂರನೆಯದಕ್ಕೆ ವಿ. ಹರಿಕೃಷ್ಣ ಅವರದು. ಇವರು ಯಾರೂ ಆ ವೇದಿಕೆಯ ಮೇಲೆ ಇರಲಿಲ್ಲ. ಒಬ್ಬರು ಆಡಿದ ಮಾತಿಗೆ ಮೂವರನ್ನು ಡಿಬಾರ್ ಮಾಡುವುದು ಯಾವ ನ್ಯಾಯ?

ಹಾಡು ಎಂದರೆ ಗಾಯಕನ ಮುಖ ಎಂದುಕೊಂಡಿರುವುದೇ ಇದಕ್ಕೆ ಕಾರಣ. ಆ್ಯಪ್‌ನಲ್ಲಿ ದೊಡ್ಡದಾಗಿ ಕಾಣುವುದು ನಟನ ಚಿತ್ರ, ಕೆಳಗೆ ಗಾಯಕನ ಹೆಸರು. ಬರೆದವರ ಹೆಸರು ಹುಡುಕಿದರೆ ಮಾತ್ರ ಸಿಗುತ್ತದೆ. ನನ್ನ ಸಹಪಾಠಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು, ಕಾಯ್ಕಿಣಿಯವರು ಓದಿದ್ದು ಬಯೋಕೆಮಿಸ್ಟ್ರಿ, ಮುಂಬೈನಲ್ಲಿ ಔಷಧ ಕಂಪನಿಯ ಕೆಲಸದಲ್ಲಿದ್ದುಕೊಂಡೇ ಕಥೆ ಬರೆದವರು ಎಂದು? ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿ ಸಾಫ್ಟ್‌ವೇರ್ ಉದ್ಯಮ ನಡೆಸಿದವರು. ‘ಬಿಇ ಮಾಡ್ತಾ ಹಾಡುಗೀಡು ಅಂತ ಟೈಂಪಾಸ್ ಮಾಡ್ಬೇಡ’ ಎನ್ನುವ ದೊಡ್ಡಪ್ಪಂದಿರಿಗೆ ಇವರಿಬ್ಬರ ಹೆಸರು ಹೇಳಬಹುದು. (ನಾನು ಹೇಳಿದ್ದೇನೆ. ಪ್ರಯೋಜನವಾಗಿಲ್ಲ.)

ಅದಕ್ಕೂ ಮುಂಚಿನ ಹದಿನೈದು ವರ್ಷ ಕನ್ನಡದಲ್ಲಿ ಹಂಸಲೇಖ ಅವರದೇ ಗಾಳಿ. 1987ರ ‘ಪ್ರೇಮಲೋಕ’ದಿಂದ ಶುರುವಾಗಿ ಅವರೇ ಬರೆದು ಅವರೇ ಸಂಗೀತ ಕೂಡಿಸಿದ ಹಾಡುಗಳು ಊರೂರಲ್ಲಿ ಮೊಳಗಿದವು. ಗುರುಕಿರಣ್ ಬಂದು ಅದಕ್ಕೆ ಗಿಟಾರು, ತುಂಟತನ ಸೇರಿಸಿದರು. ಇವರೆಲ್ಲ ಜೋರಾಗಿ ಹೇಳಿದ್ದನ್ನು ಕಾಯ್ಕಿಣಿ ಮೆಲ್ಲಗೆ ಹೇಳಿದರು. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಂಥ ಸಾಲುಗಳು. ನನ್ನ ಪ್ರಕಾರ ಆ ದಶಕದಲ್ಲಿ ಆದ ದೊಡ್ಡ ಬದಲಾವಣೆ ಅದು, ಗಾಯಕ ಮುಂಬೈಯವನಾದದ್ದಲ್ಲ.

ಹಾಗೆಂದು ಕೆಂಪು ಪೆನ್ನಿನವರ ಸಿಟ್ಟಿನಲ್ಲಿ ಹುರುಳಿಲ್ಲ ಎನ್ನಲಾರೆ. ಹಿಟ್ ಹಾಡು ಬೇಕೆಂದರೆ ಮುಂಬೈನಿಂದಲೇ ದನಿ ಬರಬೇಕು ಎಂಬ ಅಭ್ಯಾಸ ಬೆಳೆದದ್ದು ಆಗಲೇ. ಮೊದಲು ಇಲ್ಲಿಯ ಹುಡುಗನೋ ಹುಡುಗಿಯೋ ಟ್ರ್ಯಾಕ್ ಹಾಡುವುದು, ಉಚ್ಚಾರ ಸರಿಯಾಗಿ ಕೂರಿಸಿಕೊಡುವುದು, ಆಮೇಲೆ ಹೆಸರಾಂತರು ಬಂದು ಅದೇ ಜಾಗದಲ್ಲಿ ಹಾಡಿ ಹೋಗುವುದು. ಕಾಲೇಜು ಫೆಸ್ಟ್‌ಗಳಲ್ಲಿ ಹಾಡುವ ನಮ್ಮ ಗೆಳೆಯರಿಗೆ ಇದು ಬರೀ ಅಭಿಮಾನದ ಪ್ರಶ್ನೆಯಲ್ಲ, ಕೆಲಸದ ಪ್ರಶ್ನೆ. ನಮಗೆ ಕ್ಯಾಂಪಸ್ ಸೆಲೆಕ್ಷನ್ ಹೇಗೋ ಅವರಿಗೆ ರೆಕಾರ್ಡಿಂಗ್ ಸ್ಟುಡಿಯೊ ಹಾಗೆ. ಆದರೆ 2006ರ ಹಾಡನ್ನು ಪಟ್ಟಿಯಿಂದ ಹೊಡೆದುಹಾಕಿದರೆ ಈ ಹುಡುಗರಿಗೆ ಒಂದು ಮೈಕೂ ಸಿಗುವುದಿಲ್ಲ. ಮುಂದಿನ ಹಾಡನ್ನು ಯಾರು ಹಾಡಬೇಕು ಎಂದು ನಿರ್ಮಾಪಕರನ್ನು ಕೇಳಬೇಕು. ಹಳೆಯದನ್ನು ಅಳಿಸುವುದು ಸುಲಭ, ಆದ್ದರಿಂದ ಅದನ್ನೇ ಮಾಡುತ್ತೇವೆ.

ಮತ ಹಾಕಿ ತೀರ್ಮಾನಿಸೋಣ ಎಂದು ಒಮ್ಮೆ ಮೂವರು ಕೂತೆವು. ಹಾಡುಗಳೂ ಮೂರು. ನನ್ನ ಕ್ರಮ: ‘ದುನಿಯಾ’, ‘ಮುಂಗಾರು ಮಳೆ’, ‘ಜೋಗಿ’. ಹುಬ್ಬಳ್ಳಿಯ ಗೆಳೆಯನದು: ‘ಜೋಗಿ’, ‘ದುನಿಯಾ’, ‘ಮುಂಗಾರು ಮಳೆ’. ಮಂಗಳೂರಿನವನದು: ‘ಮುಂಗಾರು ಮಳೆ’, ‘ಜೋಗಿ’, ‘ದುನಿಯಾ’. ಈಗ ಎರಡೆರಡನ್ನೇ ಹೋಲಿಸಿ. ‘ದುನಿಯಾ’ ‘ಮುಂಗಾರು ಮಳೆ’ಯನ್ನು 2–1ರಿಂದ ಸೋಲಿಸುತ್ತದೆ. ‘ಮುಂಗಾರು ಮಳೆ’ ‘ಜೋಗಿ’ಯನ್ನು 2–1ರಿಂದ. ಅದೇ ‘ಜೋಗಿ’ ‘ದುನಿಯಾ’ವನ್ನು 2–1ರಿಂದ! ಮೂವರೂ ಪ್ರಾಮಾಣಿಕವಾಗಿ ಮತ ಹಾಕಿದ್ದೇವೆ, ಗೆದ್ದವರೇ ಇಲ್ಲ. ಫ್ರಾನ್ಸಿನ ಕಾಂಡೋರ್ಸೆ ಎಂಬ ಗಣಿತಜ್ಞ 1785ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಟಾಪ್ ಟೆನ್ ಎಂದು ಯಾರಾದರೂ ಬೋರ್ಡು ಹಾಕಿದರೆ ಅವರು ಎಣಿಸಿದ್ದು ಹೇಗೆ ಎಂದು ಮೊದಲು ಕೇಳಿ. ವ್ಯೂಸ್ ಲೆಕ್ಕ ಎಂದರೆ, ಬಸ್ಸಿನಲ್ಲಿ ಐವತ್ತು ಜನ ಒಟ್ಟಿಗೆ ಕೇಳಿದ ಹಾಡು ಅದರಲ್ಲಿ ಸೊನ್ನೆ.

ನನ್ನ ಮೊದಲ ಮತ ‘ದುನಿಯಾ’ಗೆ ಏಕೆ ಎಂದು ಹೇಳಿಬಿಡುತ್ತೇನೆ. 2007ರ ಆ ಚಿತ್ರಕ್ಕೆ ಸಂಗೀತ ವಿ. ಮನೋಹರ್ ಅವರದು. ಅದರಲ್ಲಿ ಎಂ.ಡಿ. ಪಲ್ಲವಿ ಹಾಡಿದ, ಜನಪದದ ಧಾಟಿಯ ಹಾಡೊಂದಿದೆ. ಭಾವಗೀತೆ ಹಾಡಿ ಬೆಳೆದ ದನಿ ಅದು. ಯಾವ ಪದವೂ ಬಾಯಲ್ಲಿ ಜಾರುವುದಿಲ್ಲ. ನಮ್ಮಮ್ಮ ಸಿನಿಮಾ ನೋಡಿಲ್ಲ, ನಾಯಕನ ಹೆಸರೂ ಕೇಳಬೇಡಿ. ಆದರೆ ಜೋಳದ ತೆನೆ ಸುಲಿಯುವಾಗ ಆ ಹಾಡು ಗುನುಗುತ್ತಾಳೆ, ಕೆಲವು ಪದಗಳನ್ನು ತನಗೆ ಬೇಕಾದಂತೆ ಬದಲಿಸಿಕೊಂಡು. ಮುಂಬೈನ ದನಿಗೆ ಉತ್ತರ ಬೇಕೆನ್ನುವವರು ಈ ಹಾಡನ್ನು ಮೇಲಕ್ಕೆ ತರಲಿ. ಹಾಗೆ ಸೋಲಿಸಿದರೆ ‘ಅನಿಸುತಿದೆ’ ಎರಡನೇ ಸ್ಥಾನಕ್ಕೆ ಇಳಿಯಲಿ, ನನ್ನದೇನೂ ತಕರಾರಿಲ್ಲ.

ಕಳೆದ ಬಾರಿ ಗಣಪತಿ ಆರ್ಕೆಸ್ಟ್ರಾದ ಹಾಡಿನ ಚೀಟಿ ಬರೆಯುವಾಗಲೂ ಇದೇ ಚರ್ಚೆ ಎದ್ದಿತು. ಸೋನು ನಿಗಮ್ ಹಾಡು ಬೇಡ ಎಂದರು ಕಮಿಟಿಯ ಅಣ್ಣಂದಿರು. ‘ಅವರು ಬರ್ತಿಲ್ಲ ಅಣ್ಣಾ, ಹಾಡೋನು ಜಗಳೂರಿನ ಹುಡುಗ’ ಎಂದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಡಿನ ಮುಂದೆ ಆ ಹುಡುಗನ ಹೆಸರನ್ನು ಬರೆದುಕೊಂಡರು.