ಕಡಲತೀರಕ್ಕೆ ಬೇಕಿರುವುದು ಗುರುವಾರದ ಮೀಟಿಂಗು

ಸೆಪ್ಟೆಂಬರ್ ತಿಂಗಳ ಮೂರನೇ ಶನಿವಾರ ಬಂತೆಂದರೆ ಕರಾವಳಿಯ ಕಾಲೇಜು ಹುಡುಗ ಹುಡುಗಿಯರ ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ ಒಂದೇ ಬಗೆಯ ಫೋಟೊ. ಬಿಳಿ ಟೀ ಶರ್ಟು, ಕೈಗೆ ಗ್ಲೌಸು, ಹಿಂದೆ ಕಡಲು, ಮುಂದೆ ಸಾಲಾಗಿ ಕಸದ ಚೀಲ. ಅಂದು ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ. ಕಳೆದ ಸಲ ನಮ್ಮ ಕಾಲೇಜಿನ ಸೇವಾ ಕ್ಲಬ್ಬಿನಿಂದಲೂ ನೂರಹತ್ತು ಮಂದಿ ಹೋಗಿದ್ದೆವು. ಮುಂದಿನ ಗುರುವಾರ ಸಂಜೆ ಅದೇ ಕ್ಲಬ್ಬಿನ ವಾರದ ಸಭೆಗೆ ಬಂದವರು ಒಂಬತ್ತು ಮಂದಿ.

ಈಗ ಕ್ಲಬ್ಬಿನಲ್ಲಿ ಒಂದು ಪ್ರಸ್ತಾವ ಓಡಾಡುತ್ತಿದೆ. ವಾರದ ಸಭೆಯನ್ನು ಕೈಬಿಡೋಣ, ತಿಂಗಳಿಗೊಂದು ಕಾರ್ಯಕ್ರಮ ಸಾಕು, ಉಳಿದದ್ದನ್ನು ಗ್ರೂಪಿನಲ್ಲಿ ಮೆಸೇಜ್ ಹಾಕಿದರಾಯಿತು ಎಂದು. ನಾನು ಇದನ್ನು ಒಪ್ಪುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕು ಎಂದರೆ ಸೆಪ್ಟೆಂಬರಿನ ಆ ಶನಿವಾರವನ್ನೇ ಬಿಡೋಣ, ಗುರುವಾರದ ಮೀಟಿಂಗನ್ನು ಉಳಿಸಿಕೊಳ್ಳೋಣ ಎನ್ನುವುದು ನನ್ನ ವಾದ.

ಪ್ರಸ್ತಾವ ತಂದವರು ಸೋಮಾರಿಗಳೇನಲ್ಲ. ಇಂಟರ್ನಲ್ಸು, ಲ್ಯಾಬ್ ರೆಕಾರ್ಡು, ಪ್ಲೇಸ್‌ಮೆಂಟ್ ಟ್ರೈನಿಂಗು ಇವುಗಳ ಮಧ್ಯೆ ಪ್ರತಿವಾರ ಒಂದು ಗಂಟೆ ತೆಗೆಯುವುದು ನಿಜಕ್ಕೂ ಕಷ್ಟ. ಸಭೆಯಾದರೂ ಅಂಥ ರೋಚಕವೇ? ಹಿಂದಿನ ವಾರದ ನಡಾವಳಿ ಓದಬೇಕು, ಖಜಾಂಚಿ ಲೆಕ್ಕ ಒಪ್ಪಿಸಬೇಕು (ಗ್ಲೌಸಿಗಿಂತ ಚಹಾಕ್ಕೆ ಹೆಚ್ಚು ಖರ್ಚಾಗಿರುತ್ತದೆ, ಅದರ ಮೇಲೆ ಹತ್ತು ನಿಮಿಷ ಚರ್ಚೆ), ಕೊನೆಗೆ ಯಾರಿಗೆ ಯಾವ ಕೆಲಸ ಎಂದು ಬರೆದುಕೊಳ್ಳಬೇಕು. ಇನ್ನು ಪಾಯಿಂಟಿನ ವಿಷಯ. ವಿಟಿಯುನಲ್ಲಿ ಬಿಇ ಓದುವವರು ನಾಲ್ಕು ವರ್ಷದಲ್ಲಿ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಎನ್‌ಎಸ್‌ಎಸ್‌ಗೆ ಸೇರಿದವರಿಗೆ ಎರಡು ವರ್ಷಕ್ಕೆ 240 ಗಂಟೆಯ ಸೇವೆ. ಇವೆಲ್ಲಕ್ಕೂ ಬೀಚಿನ ಫೋಟೊ ಒಳ್ಳೆಯ ಸಾಕ್ಷಿ. ಖಾಲಿ ಬೆಂಚುಗಳ ನಡುವೆ ನಡಾವಳಿ ಓದುತ್ತಿರುವ ಫೋಟೊವನ್ನು ಯಾರು ಅಂಟಿಸುತ್ತಾರೆ?

ಸೇವಾ ಕ್ಲಬ್ಬುಗಳು ವಾರಕ್ಕೊಮ್ಮೆ ಸೇರುವ ರೂಢಿ ಹಳೆಯದು. 1905ರ ಫೆಬ್ರುವರಿ 23ರಂದು ಶಿಕಾಗೊದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಂದಿಗೆ ಆರಂಭಿಸಿದ ಕೂಟ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿತ್ತು. ಹಾಗೆ ಸುತ್ತುತ್ತಿದ್ದುದರಿಂದಲೇ ಅದಕ್ಕೆ ರೋಟರಿ ಎಂಬ ಹೆಸರು ಬಂತು. ಆ ರೋಟರಿಯೇ 2016ರಲ್ಲಿ ನಿಯಮ ಸಡಿಲಿಸಿ, ಕ್ಲಬ್ಬುಗಳು ತಿಂಗಳಿಗೆ ಎರಡು ಸಲ ಸೇರಿದರೂ ನಡೆಯುತ್ತದೆ ಎಂದಿತು. ನಮ್ಮಲ್ಲಿ ಪ್ರಸ್ತಾವ ತಂದವರು ಇದನ್ನೇ ಮುಂದಿಡುತ್ತಾರೆ. ರಕ್ತದಾನ ಶಿಬಿರ ನಡೆಸುವ, ನೋಟ್‌ಬುಕ್ ಹಂಚುವ ಕ್ಲಬ್ಬಿಗೆ ಇದು ಸರಿ ಇರಬಹುದು. ಆದರೆ ನಾವು ಒಂದು ತೀರವನ್ನು ನೋಡಿಕೊಳ್ಳುತ್ತೇವೆ ಎಂದು ಬ್ಯಾನರಿನಲ್ಲಿ ಬರೆಸಿಕೊಂಡಿದ್ದೇವೆ.

ತೀರ ವಾರದಿಂದ ವಾರಕ್ಕೆ ಬೇರೆಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಕಡಲು ತನ್ನ ಹೊಟ್ಟೆಯಲ್ಲಿದ್ದುದನ್ನೆಲ್ಲ ದಡಕ್ಕೆ ಎಸೆಯುತ್ತದೆ. ಮಳೆ ನಿಂತ ಮೇಲೆ, ಕೊಚ್ಚಿಹೋಗಿದ್ದ ಮರಳು ಮೆಲ್ಲಗೆ ವಾಪಸು ಬರುತ್ತದೆ. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಮೇಲೇರುತ್ತವೆ. ಅದೇ ಹೊತ್ತಿಗೆ ಪ್ರವಾಸಿಗರ ಬಸ್ಸುಗಳೂ ಬರುತ್ತವೆ. ವರ್ಷಕ್ಕೊಂದು ಶನಿವಾರ ಹೋದವರಿಗೆ ಕಾಣುವುದು ಈ ಇಡೀ ಸಿನಿಮಾದ ಒಂದು ಸ್ಟಿಲ್ ಫೋಟೊ ಮಾತ್ರ.

ಅಷ್ಟಕ್ಕೂ ಆ ಶನಿವಾರ ಹುಟ್ಟಿದ್ದು ಗುಡಿಸುವುದಕ್ಕಾಗಿ ಮಾತ್ರ ಅಲ್ಲ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕರಾವಳಿಯಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಒಹಾರಾ ಎಂಬ ಇಬ್ಬರು ಮಹಿಳೆಯರು ಮೊದಲ ಸ್ವಚ್ಛತಾ ಕಾರ್ಯಕ್ರಮ ಸಂಘಟಿಸಿದಾಗ ಸ್ವಯಂಸೇವಕರ ಕೈಗೆ ಚೀಲದ ಜೊತೆ ಒಂದು ಕಾರ್ಡನ್ನೂ ಕೊಟ್ಟಿದ್ದರು. ಏನು ಸಿಕ್ಕಿತು, ಎಷ್ಟು ಸಿಕ್ಕಿತು ಎಂದು ಅದರಲ್ಲಿ ಗುರುತು ಹಾಕಬೇಕಿತ್ತು. ಕಸ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾದರೆ ತಾನೆ ಅದನ್ನು ತಡೆಯುವುದು? ನಮ್ಮ ಕಾರ್ಯಕ್ರಮಗಳಲ್ಲಿ ಚೀಲ ಉಳಿದುಕೊಂಡಿದೆ, ಕಾರ್ಡು ಮಾಯವಾಗಿದೆ.

ನಮ್ಮ ಒಂಬತ್ತು ಮಂದಿ ಮಾಡಿದ್ದು ಆ ಕಾರ್ಡನ್ನು ವಾಪಸು ತಂದದ್ದು. ಒಂದು ಇನ್ನೂರು ಪುಟದ ನೋಟ್‌ಬುಕ್ಕು. ಪ್ರತಿ ಭಾನುವಾರ ಬೆಳಿಗ್ಗೆ ಇಬ್ಬರು ಹೋಗಿ ಅದೇ ಇನ್ನೂರು ಹೆಜ್ಜೆ ಜಾಗದಲ್ಲಿ ಸಿಕ್ಕಿದ್ದನ್ನು ಎಣಿಸಿ ಬರೆಯುವುದು, ಗುರುವಾರ ಅದನ್ನು ಓದುವುದು. ಶಾಂಪೂ ಸ್ಯಾಷೆ, ಗುಟ್ಕಾ ಪೊಟ್ಟಣ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಒಂಟಿ ಚಪ್ಪಲಿ (ಜೋಡಿ ಒಮ್ಮೆಯೂ ಸಿಕ್ಕಿಲ್ಲ), ಥರ್ಮೋಕೋಲು, ಹಗ್ಗದ ತುಂಡು. ಮೊದಲ ನಾಲ್ಕೈದು ವಾರ ಏನೂ ಅರ್ಥವಾಗಲಿಲ್ಲ. ಹದಿನಾಲ್ಕು ವಾರ ಕಳೆದ ಮೇಲೆ ಗುರುವಾರದ ಸಭೆಯಲ್ಲಿ ಪುಟ ತಿರುವುತ್ತಿದ್ದವಳೊಬ್ಬಳು ಹೇಳಿದಳು: ಮಳೆ ಬಂದ ವಾರವೆಲ್ಲ ಸ್ಯಾಷೆಗಳ ಸಂಖ್ಯೆ ಹೆಚ್ಚುಕಮ್ಮಿ ಎರಡು ಪಟ್ಟಾಗುತ್ತದೆ, ಅದೂ ತೋಡು ಕಡಲಿಗೆ ಸೇರುವ ಬಾಯಿಯ ಹತ್ತಿರ. ತೋಡು ಎಂದರೆ ಊರೊಳಗಿನಿಂದ ಹರಿದು ಬರುವ ಸಣ್ಣ ಹಳ್ಳ. ನಾನು ಈ ಪದ ಕಲಿತದ್ದು ಇಲ್ಲಿಗೆ ಬಂದ ಮೇಲೆ. ಅಲ್ಲಿಯವರೆಗೆ ನಾವೆಲ್ಲ ಪ್ರವಾಸಿಗರನ್ನು ಬೈಯುತ್ತಿದ್ದೆವು. ಶಾಂಪೂ ಹಾಕಿಕೊಂಡು ಯಾವ ಪ್ರವಾಸಿಗ ಬೀಚಿಗೆ ಬರುತ್ತಾನೆ ಹೇಳಿ.

ಇದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸಾಧ್ಯವಿತ್ತೇ? ಗ್ರೂಪಿನಲ್ಲಿ ಎಣಿಕೆ ಹಾಕಿದರೆ ಮೂರು ಚಪ್ಪಾಳೆ, ಒಂದು ಹಾರ್ಟು ಬರುತ್ತದೆ. ಯಾರೂ ಹದಿನಾಲ್ಕು ವಾರ ಹಿಂದಕ್ಕೆ ಸ್ಕ್ರೋಲ್ ಮಾಡುವುದಿಲ್ಲ.

ಇನ್ನೊಂದು ಸಂಗತಿ. ಹೋದ ವರ್ಷ ಒಂದು ಕಾರ್ಯಕ್ರಮಕ್ಕೆ ಮುಂಚೆ ತೀರದ ಮರಳನ್ನು ಯಂತ್ರ ತಂದು ಸಮ ಮಾಡಿಸೋಣ, ಮೇಲೆ ಹಬ್ಬಿರುವ ಬಳ್ಳಿಯನ್ನೆಲ್ಲ ಕಿತ್ತರೆ ಫೋಟೊದಲ್ಲಿ ಚೆನ್ನಾಗಿ ಕಾಣುತ್ತದೆ ಎಂಬ ಮಾತು ಸಭೆಗೆ ಬಂತು. ಮೀನುಗಾರರ ಮನೆಯ ಜೂನಿಯರ್ ಒಬ್ಬ ಹಿಂದಿನ ಬೆಂಚಿನಿಂದ ಎದ್ದು, ‘ಬೇಡ ಮಾರಾಯ್ರೆ, ಆ ಬಳ್ಳಿ ಕಿತ್ತರೆ ಮರಳು ನಿಲ್ಲುವುದಿಲ್ಲ’ ಎಂದ. ನೇರಳೆ ಹೂ ಬಿಡುವ ಆ ಬಳ್ಳಿ ದಿಬ್ಬದ ಮರಳನ್ನು ಬೇರಿನಿಂದ ಹಿಡಿದಿಡುತ್ತದೆ. ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರಿರುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಯೋಜನೆ ಅಲ್ಲಿಗೇ ನಿಂತಿತು. ಆ ಹುಡುಗ ಗ್ರೂಪಿನಲ್ಲಿ ಒಂದು ಮೆಸೇಜನ್ನೂ ಹಾಕುವವನಲ್ಲ. ಎದುರಿಗೆ ಕೂತಿದ್ದಕ್ಕೆ ಬಾಯಿ ಬಿಟ್ಟ.

ವಾರವಾರವೂ ಅಂಟಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಮುಂಬೈನ ವರ್ಸೋವಾ ತೀರ ಇದೆ. ಅಲ್ಲಿ 2015ರ ಅಕ್ಟೋಬರಿನಲ್ಲಿ ಅಫ್ರೋಜ್ ಶಾ ಎಂಬ ಯುವ ವಕೀಲರು ತಮ್ಮ ನೆರೆಮನೆಯ ಹಿರಿಯರೊಬ್ಬರ ಜೊತೆ ಕಸ ಎತ್ತತೊಡಗಿದರು. ಇಬ್ಬರೇ. ಆಮೇಲೆ ಜನ ಕೂಡಿಕೊಂಡರು, ವಾರಾಂತ್ಯದ ಕೆಲಸ ನಿಲ್ಲಲಿಲ್ಲ. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿ ಬಂತು. 2018ರ ಮಾರ್ಚಿನಲ್ಲಿ ಅದೇ ತೀರದಿಂದ ಆಲಿವ್ ರಿಡ್ಲೆ ಮರಿಗಳು ಕಡಲಿಗೆ ಇಳಿದವು. ನಮ್ಮಲ್ಲೂ 2024ರ ಆರಂಭದಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ತೀರದಲ್ಲಿ ಈ ಆಮೆಗಳು ಮೊಟ್ಟೆ ಇಟ್ಟಿದ್ದು ಪತ್ತೆಯಾಗಿ ಅರಣ್ಯ ಇಲಾಖೆ ಕಾವಲಿಗೆ ನಿಂತಿತು. ಮೊಟ್ಟೆ ಒಡೆಯಲು ಒಂದೂವರೆಯಿಂದ ಎರಡು ತಿಂಗಳು ಬೇಕು. ನಾಯಿ ಕೆದಕಬಾರದು, ದಡದ ಕಡೆ ಜೋರು ಲೈಟು ಇರಬಾರದು. ಲೈಟು ಕಂಡರೆ ಮರಿಗಳು ಕಡಲನ್ನು ಬಿಟ್ಟು ರಸ್ತೆಯ ಕಡೆ ತೆವಳುತ್ತವೆ. ತಿಂಗಳಿಗೊಂದು ಕಾರ್ಯಕ್ರಮ ಮಾಡುವ ಕ್ಲಬ್ಬು ಈ ಎರಡು ತಿಂಗಳಲ್ಲಿ ಎಷ್ಟು ಸಲ ಅತ್ತ ತಿರುಗಿ ನೋಡೀತು?

ಚೀಲ ತುಂಬಿಸಿದ ಮೇಲಿನ ಕಥೆಯನ್ನೂ ಹೇಳಬೇಕು. ಕಡಲ ಕಸ ಒದ್ದೆ, ಉಪ್ಪು, ಅರ್ಧ ಮರಳು. ಗುಜರಿಯವರು ಮುಟ್ಟುವುದಿಲ್ಲ. ಮೊದಲೇ ಪಂಚಾಯಿತಿಗೆ ತಿಳಿಸಿ ವಾಹನ ಗೊತ್ತು ಮಾಡದಿದ್ದರೆ ಚೀಲಗಳು ರಸ್ತೆ ಬದಿಯಲ್ಲಿ ದಿನಗಟ್ಟಲೆ ಕೂರುತ್ತವೆ, ನಾಯಿ ಹರಿಯುತ್ತದೆ, ಗಾಳಿ ಅದೇ ತೀರಕ್ಕೆ ಹಂಚುತ್ತದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿರುವಂಥ ಒಣಕಸ ಬೇರ್ಪಡಿಸುವ ಘಟಕಗಳಿಗೆ ಕಳಿಸಬೇಕಾದರೂ ಜರಡಿ ಹಿಡಿದು, ಒಣಗಿಸಿ, ವಿಂಗಡಿಸಿ ಕೊಡಬೇಕು. ಇದಕ್ಕೆಲ್ಲ ಒಬ್ಬರ ಹೆಸರು, ಒಂದು ದಿನಾಂಕ ಗೊತ್ತಾಗಬೇಕು. ಅದು ಗೊತ್ತಾಗುವುದು ಆ ಬೋರಿಂಗ್ ಸಭೆಯ ಕೊನೆಯ ಐದು ನಿಮಿಷದಲ್ಲಿ.

ನಮ್ಮ ನೋಟ್‌ಬುಕ್ಕಿನಲ್ಲಿ ಸಿಗರೇಟು ತುಂಡಿಗೆ ಬೇರೆಯೇ ಕಾಲಂ ಇದೆ, ಅದನ್ನು ಎಣಿಸುವ ಕೆಲಸ ನಾನು ಕೇಳಿ ಪಡೆದದ್ದು. ಪ್ರಪಂಚದ ಕಡಲತೀರಗಳ ಎಣಿಕೆಯಲ್ಲಿ ವರ್ಷಾನುಗಟ್ಟಲೆ ಮೊದಲ ಸ್ಥಾನದಲ್ಲಿದ್ದದ್ದು ಈ ತುಂಡೇ. ಅದರ ಫಿಲ್ಟರು ಹತ್ತಿಯಂತೆ ಕಂಡರೂ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್. ನಾನು ಹುಣಸೂರು ತಾಲ್ಲೂಕಿನ ಬಿಳಿಕೆರೆಯವಳು. ನಮ್ಮ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಬೆಳೆದು ಬ್ಯಾರನ್ನಿನಲ್ಲಿ ಬೇಯಿಸುವ ಹೊಗೆಸೊಪ್ಪು ಹೋಗುವುದು ಸಿಗರೇಟಿಗೇ. ನನ್ನ ಫೀಸಿನಲ್ಲೂ ಅದರ ದುಡ್ಡಿದೆ. ಬೆಳೆದವರನ್ನು ದೂರಿ ಪ್ರಯೋಜನವಿಲ್ಲ. ಹರಾಜಿನ ದಿನ ಅವರ ಮುಖ ನೋಡಿದವರಿಗೆ ಅದು ಗೊತ್ತು. ಆದರೆ ಲೆಕ್ಕದ ಒಂದು ತುದಿ ನಮ್ಮೂರಲ್ಲಿದೆ ಎನ್ನುವಾಗ ಇನ್ನೊಂದು ತುದಿಯನ್ನು ಎಣಿಸುವುದು ನನಗೆ ಬೇರೆಯವರ ಕೆಲಸ ಅನಿಸುವುದಿಲ್ಲ.

ರಜೆಗೆ ಹೋದಾಗ ಮಾವ ಕೇಳಿದ್ದರು, ‘ಅಲ್ಲ ಕಣವ್ವ, ನಮ್ಮೂರ್ ಕೆರೆ ದಡ ಬುಟ್ಟು ಸಮುದ್ರದ್ ದಡ ಗುಡ್ಸಕ್ಕೋಗಿದ್ದೀಯಲ್ಲ?’ ಕೇಳಬೇಕಾದ ಪ್ರಶ್ನೆಯೇ. ಕೊಡಗಿನ ಇರ್ಪು ಕಡೆಯಿಂದ ಬರುವ ಲಕ್ಷ್ಮಣತೀರ್ಥ ಹುಣಸೂರನ್ನು ಹಾದು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಗೆ ಸೇರುತ್ತದೆ, ಕಾವೇರಿ ಪೂರ್ವದ ಕಡಲಿಗೆ. ಅಂದರೆ ನಮ್ಮ ತಾಲ್ಲೂಕಿಗೂ ಒಂದು ಕಡಲಿದೆ, ನಾವು ನೋಡಿಲ್ಲ ಅಷ್ಟೇ. ಹಳೇ ಮೈಸೂರಿನ ಕೆರೆಗಳಿಗೆ ನೀರುಗಂಟಿ ಎಂಬವನಿರುತ್ತಿದ್ದ. ತೂಬು ತೆರೆಯುವುದು, ಮುಚ್ಚುವುದು, ಕಾಲುವೆಯಲ್ಲಿ ನೀರು ಸರಿಯಾಗಿ ಹರಿಯುತ್ತಿದೆಯೇ ನೋಡುವುದು ಅವನ ಪಾಲಿನ ಕೆಲಸ. ವರ್ಷಕ್ಕೊಂದು ದಿನ ಟೀ ಶರ್ಟು ಹಾಕಿಕೊಂಡು ಬರುವ ನೀರುಗಂಟಿಯನ್ನು ಯಾವ ಊರೂ ಇಟ್ಟುಕೊಂಡಿರಲಿಲ್ಲ. ದಡ ಕೆರೆಯದಾದರೂ ಕಡಲಿನದಾದರೂ ನಾನು ಕೇಳುತ್ತಿರುವುದು ಆ ಬಗೆಯ ಕೆಲಸವನ್ನು.

ತೋಡಿನ ವಿಷಯಕ್ಕೆ ಬಂದರೆ, ನಾವು ಸ್ಥಳೀಯ ಪಂಚಾಯಿತಿಗೆ ಪತ್ರ ಬರೆದೆವು: ಮೋರಿಯ ಬಾಯಿಗೆ ಒಂದು ಜಾಲರಿ ಹಾಕಿಸಿ ಎಂದು. ಮೊದಲ ಪತ್ರಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ನೋಟ್‌ಬುಕ್ಕಿನ ಹದಿನಾಲ್ಕು ವಾರದ ಪುಟಗಳ ಜೆರಾಕ್ಸ್ ಲಗತ್ತಿಸಿದೆವು. ಈ ಸಲ ಪಿಡಿಒ ಸ್ವತಃ ಬಂದು ಮೋರಿ ನೋಡಿದರು. ಸಿವಿಲ್ ಬ್ರಾಂಚಿನ ಇಬ್ಬರು ಅಂದಾಜು ಹಾಕಿಕೊಟ್ಟಿದ್ದಾರೆ. ಕಣ್ಣು ತೀರಾ ಸಣ್ಣದಾದರೆ ಕಸ ಕಟ್ಟಿಕೊಂಡು ಮಳೆಗಾಲದಲ್ಲಿ ನೀರು ಹಿಂದಿನ ಮನೆಗಳಿಗೆ ನುಗ್ಗುತ್ತದೆ, ದೊಡ್ಡದಾದರೆ ಸ್ಯಾಷೆ ನಿಲ್ಲುವುದಿಲ್ಲ. ಎಷ್ಟೇ ಇಟ್ಟರೂ ವಾರಕ್ಕೊಮ್ಮೆ ಜಾಲರಿ ಬಿಡಿಸಿ ಕಸ ತೆಗೆಯಲೇಬೇಕು. ಹಾಕಿಸುವ ಖರ್ಚನ್ನು ಪಂಚಾಯಿತಿ ನೋಡಿಕೊಳ್ಳುವ ಮಾತಾಡಿದೆ. ಪ್ರತಿವಾರ ಬಿಡಿಸುವವರು ಯಾರು ಎಂದು ಪಿಡಿಒ ಕೇಳಿದ್ದಾರೆ. ಮುಂದಿನ ಗುರುವಾರದ ಅಜೆಂಡಾದಲ್ಲಿ ಅದು ಮೊದಲನೇ ವಿಷಯ, ವಾರದ ಸಭೆ ನಿಲ್ಲಿಸುವ ಪ್ರಸ್ತಾವ ಎರಡನೆಯದು.