ರಜೆ ಯಾರಿಗೆ, ದಂಡ ಯಾರಿಗೆ?



ಈ ಪುಟದಲ್ಲಿ ಪ್ರತಿ ತಿಂಗಳೂ ಕೊಬ್ಬರಿ ಬೆಲೆ ಎಷ್ಟು, ಖರ್ಚೆಷ್ಟು, ಸಾಲವೆಷ್ಟು ಅಂತ ಮಾತಾಡುತ್ತೇವೆ. ಈ ಸಲ ತಾರೀಖಿನ ಮಾತು. ತಾರೀಖಿನಲ್ಲಿ ಏನಿದೆ ಮಹಾ ಅಂತ ಪುಟ ತಿರುವಬೇಡಿ. ಒಂದು ದಿನ ಆಚೀಚೆ ಆಗಿದ್ದಕ್ಕೆ ಒಂಬತ್ತು ಸಾವಿರ ರೂಪಾಯಿ ಕೈಬಿಟ್ಟು ಹೋಗುವ ವ್ಯವಸ್ಥೆಯಲ್ಲಿ ನಾವು ಸಾಲ ಮಾಡುತ್ತಿದ್ದೇವೆ.

ಲೆಕ್ಕ ನೋಡಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮೇಲೆ ಬ್ಯಾಂಕಿನಲ್ಲಿ 3 ಲಕ್ಷ ರೂಪಾಯಿ ಬೆಳೆ ಸಾಲ ತಂದರೆ ಬಡ್ಡಿ ಶೇ. 7. ವಾಯಿದೆಯೊಳಗೆ ಕಟ್ಟಿದವನಿಗೆ ಕೇಂದ್ರ ಸರ್ಕಾರ ಶೇ. 3 ಬಿಟ್ಟುಕೊಡುತ್ತದೆ, ಉಳಿಯುವುದು ಶೇ. 4. ಅಂದರೆ ವರ್ಷಕ್ಕೆ 21,000 ಕಟ್ಟಬೇಕಾದವನು 12,000 ಕಟ್ಟುತ್ತಾನೆ. ವಾಯಿದೆ ಮೀರಿತೋ, ಆ 9,000 ಹೋಯಿತು. ಒಂದು ದಿನ ಮೀರಿದರೂ ಅಷ್ಟೇ, ಒಂದು ತಿಂಗಳು ಮೀರಿದರೂ ಅಷ್ಟೇ. ಸಹಕಾರ ಸಂಘದ ಕತೆ ಇನ್ನೂ ಬಿಗಿ. 2023-24ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು, ಸಂತೋಷ. ಆದರೆ ಆ ಶೂನ್ಯ ಅನ್ನುವುದು ವಾಯಿದೆಯೊಳಗೆ ಕಟ್ಟಿದವನಿಗೆ ಮಾತ್ರ ಶೂನ್ಯ. ತಡವಾದವನು ಸುಸ್ತಿದಾರ. ಸುಸ್ತಿದಾರನಿಗೆ ರಿಯಾಯಿತಿ ಇಲ್ಲ.

ಹಾಗಾದರೆ ವಾಯಿದೆಯ ದಿನ ಭಾನುವಾರ ಬಂದರೆ? ಹಬ್ಬ ಬಂದರೆ? ಸಂಘದ ಬಾಗಿಲಿಗೆ ಬೀಗ, ಬ್ಯಾಂಕಿನ ಬಾಗಿಲಿಗೆ ಬೀಗ, ಕಟ್ಟುವವನು ದುಡ್ಡು ಹಿಡಿದುಕೊಂಡು ಜಗುಲಿ ಮೇಲೆ. ತಪ್ಪು ಯಾರದು?

ಇದು ಎಂದೋ ಒಮ್ಮೆ ಬರುವ ಪ್ರಸಂಗ ಅಂದುಕೊಳ್ಳಬೇಡಿ. ಅನೇಕ ಸಾಲಗಳ ಲೆಕ್ಕ ಮಾರ್ಚ್ ಕೊನೆಗೆ ಬಂದು ನಿಲ್ಲುತ್ತದೆ. 2024ರ ಮಾರ್ಚ್ 31 ಭಾನುವಾರ. 2025ರ ಮಾರ್ಚ್ 31 ಸೋಮವಾರ, ರಂಜಾನ್. 2026ರ ಮಾರ್ಚ್ 31 ಮಂಗಳವಾರ, ಮಹಾವೀರ ಜಯಂತಿ. ಮೂರು ವರ್ಷ ಸಾಲಾಗಿ ಕ್ಯಾಲೆಂಡರಿನಲ್ಲಿ ಆ ಅಂಕಿ ಕೆಂಪು. ಅದರಲ್ಲೂ 2025ರದ್ದು ನೆನಪಿಟ್ಟುಕೊಳ್ಳುವಂಥದ್ದು. 30ನೇ ತಾರೀಖು ಭಾನುವಾರ ಯುಗಾದಿ, 31 ರಂಜಾನ್, ಏಪ್ರಿಲ್ 1 ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ. ಶನಿವಾರ ಸಂಜೆ ಮುಚ್ಚಿದ ಬಾಗಿಲು ಬುಧವಾರ ತೆರೆಯಬೇಕು. ನಡುವೆ ರಿಸರ್ವ್ ಬ್ಯಾಂಕು, ಸರ್ಕಾರಿ ಲೇವಾದೇವಿ ನಡೆಸುವ ಶಾಖೆಗಳು 31ರಂದು ತೆರೆದಿರಬೇಕು ಅಂತ ಆದೇಶ ಹೊರಡಿಸಿತು. ಅದು ಸರ್ಕಾರದ ಜಮಾಖರ್ಚು ಮುಗಿಸುವುದಕ್ಕೆ. ಸರ್ಕಾರದ ವಾಯಿದೆ ಬಂದಾಗ ಹಬ್ಬದ ದಿನವೂ ಬಾಗಿಲು ತೆರೆಸಬಹುದು ಅಂತ ಇದರಿಂದ ಗೊತ್ತಾಯಿತಲ್ಲ, ಅಷ್ಟು ಸಾಕು.

ಈಗ ಇದನ್ನೆಲ್ಲ ಲೆಕ್ಕ ಹಾಕುವುದು ಮನುಷ್ಯ ಅಲ್ಲ, ಕಂಪ್ಯೂಟರಿನ ತಂತ್ರಾಂಶ. ಬ್ಯಾಂಕುಗಳಲ್ಲಿ ಬಂದು ಎಷ್ಟೋ ಕಾಲವಾಯಿತು. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೂ ಒಂದೇ ಬಗೆಯ ತಂತ್ರಾಂಶ ಹಾಕಬೇಕೆಂದು ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. 63 ಸಾವಿರ ಸಂಘಗಳಿಗೆ 2,516 ಕೋಟಿ ರೂಪಾಯಿಯ ಯೋಜನೆ. ನಮ್ಮ ರಾಜ್ಯದ ಸಂಘಗಳೂ ಅದರಲ್ಲಿವೆ.

ಯಂತ್ರ ಬಂದಿದ್ದು ಕೆಟ್ಟದ್ದು ಅಂತ ನಾವು ಹೇಳುವುದಿಲ್ಲ. ಹಳೇ ಕಾಲದ ಲೆಡ್ಜರು ಕಂಡವರು ನಾವು. ಬೇಕಾದವನು ಸೋಮವಾರ ತಂದ ದುಡ್ಡಿಗೆ ಕಾರ್ಯದರ್ಶಿ ಶನಿವಾರದ ತಾರೀಖು ಹಾಕಿ ರಸೀದಿ ಹರಿಯುತ್ತಿದ್ದ. ಬೇಡದವನು ಶನಿವಾರ ತಂದರೂ ‘ಕ್ಯಾಶ್ ಮುಚ್ಚಿದೆ, ಸೋಮವಾರ ಬಾ’ ಅನ್ನುತ್ತಿದ್ದ. ಆ ಪೆನ್ಸಿಲಿನಲ್ಲಿ ದಯೆಯೂ ಇತ್ತು, ಜಾತಿಯೂ ಇತ್ತು, ಪಾರ್ಟಿಯೂ ಇತ್ತು. ಯಂತ್ರಕ್ಕೆ ಇದು ಯಾವುದೂ ಇಲ್ಲ. ಒಳ್ಳೆಯದೇ. ಆದರೆ ಯಂತ್ರಕ್ಕೆ ಯಾರೋ ಹೇಳಿಕೊಟ್ಟ ಬುದ್ಧಿ ಬಿಟ್ಟರೆ ಬೇರೆ ಬುದ್ಧಿಯೂ ಇಲ್ಲ. ಹೇಳಿಕೊಟ್ಟವರು ಯಾರು, ಏನು ಹೇಳಿಕೊಟ್ಟರು ಅನ್ನುವುದೇ ಪ್ರಶ್ನೆ.

ವಾಯಿದೆ ಲೆಕ್ಕ ಹಾಕುವ ತಂತ್ರಾಂಶ ಮಾಡುವುದು ಎರಡು ಕೆಲಸ. ಸಾಲ ಕೊಟ್ಟ ದಿನದಿಂದ ಎಣಿಸಿ ಒಂದು ತಾರೀಖಿಗೆ ಬಂದು ನಿಲ್ಲುವುದು ಮೊದಲನೆಯದು. ಇದರಲ್ಲೇ ಒಂದು ತೊಡಕಿದೆ. ‘ಒಂದು ವರ್ಷ’ ಅಂದರೆ ಮುಂದಿನ ವರ್ಷದ ಅದೇ ತಾರೀಖೋ, 365 ದಿನವೋ? 2023ರ ಮಾರ್ಚ್ 1ರಂದು ತಂದ ಸಾಲಕ್ಕೆ 365 ದಿನ ಎಣಿಸಿದರೆ 2024ರ ಫೆಬ್ರವರಿ 29ಕ್ಕೆ ಬರುತ್ತದೆ, ವರ್ಷ ಎಣಿಸಿದರೆ ಮಾರ್ಚ್ 1ಕ್ಕೆ. ಒಂದು ದಿನ ಮಾಯ! ಚೆಕ್ಕು ವಾಪಸ್ಸಾದ ಕೇಸುಗಳಲ್ಲೂ ಹೀಗೇ. ನೋಟೀಸು ಕೊಡಲು 30 ದಿನ, ಹಣ ಕಟ್ಟಲು ಎದುರಾಳಿಗೆ 15 ದಿನ, ಆಮೇಲೆ ದೂರು ಹಾಕಲು ‘ಒಂದು ತಿಂಗಳು’ ಅಂತ ಕಾನೂನು ಹೇಳುತ್ತದೆ. ತಿಂಗಳು ಬೇರೆ, 30 ದಿನ ಬೇರೆ. ಕೊಬ್ಬರಿ ಕೊಟ್ಟು ವರ್ತಕನ ಚೆಕ್ಕು ಇಟ್ಟುಕೊಂಡವರು ಇದನ್ನು ಮರೆಯದಿರಿ.

ಎರಡನೆಯ ಕೆಲಸ, ಬಂದು ನಿಂತ ತಾರೀಖು ರಜೆಯೋ ಅಲ್ಲವೋ ಅಂತ ಪಟ್ಟಿ ನೋಡುವುದು. ಭಾನುವಾರವನ್ನು ಯಂತ್ರ ತಾನೇ ಲೆಕ್ಕ ಹಾಕುತ್ತದೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೇ ನಾಲ್ಕನೇ ಶನಿವಾರ ರಜೆ, ಅದನ್ನೂ ಲೆಕ್ಕ ಹಾಕುತ್ತದೆ. ಆದರೆ ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನಕ ಜಯಂತಿ, ರಾಜ್ಯೋತ್ಸವ? ಇವು ಬೆಂಗಳೂರಿನಿಂದ ಪ್ರತಿ ವರ್ಷ ಹೊರಡುವ ಆದೇಶದಲ್ಲಿರುವ ರಜೆಗಳು. ಯಾರಾದರೂ ಕೂತು ಪಟ್ಟಿಗೆ ತುಂಬಿಸಬೇಕು. ಬೇರೆ ರಾಜ್ಯದಲ್ಲಿ ಕೂತು ತಂತ್ರಾಂಶ ಬರೆದವನಿಗೆ ಕನಕದಾಸರು ಯಾರು ಅಂತ ಗೊತ್ತಿರಬೇಕು ಅಂತೇನಿಲ್ಲ. ಚಂದ್ರ ಕಾಣುವುದರ ಮೇಲೆ ನಿಂತ ಹಬ್ಬಗಳು ಕೊನೇ ಗಳಿಗೆಯಲ್ಲಿ ಒಂದು ದಿನ ಸರಿಯುತ್ತವೆ. ಇನ್ನು ಎಸ್. ಎಂ. ಕೃಷ್ಣ 2024ರ ಡಿಸೆಂಬರ್ 10ರಂದು ತೀರಿಕೊಂಡಾಗ ಮಾರನೇ ದಿನ ಬುಧವಾರ ರಾಜ್ಯದಲ್ಲಿ ಸರ್ಕಾರಿ ಕಚೇರಿಗಳಿಗೆ ರಜೆ ಸಾರಿದರು. ಜನವರಿಯಲ್ಲಿ ತುಂಬಿಸಿದ ಯಾವ ಪಟ್ಟಿಯಲ್ಲಿ ಅದು ಇದ್ದೀತು? ನಮ್ಮ ಮನೆ ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರಿಗೂ ಅದು ಗೊತ್ತಿರಲಿಲ್ಲ. ಆದರೆ ಕ್ಯಾಲೆಂಡರ್ ಯಾರಿಗೂ ಸುಸ್ತಿ ಬಡ್ಡಿ ಹಾಕುವುದಿಲ್ಲವಲ್ಲ!

ಪಟ್ಟಿ ಸರಿಯಾಗಿದೆ ಅಂತಲೇ ಇಟ್ಟುಕೊಳ್ಳೋಣ. ತಾರೀಖು ರಜೆಯ ಮೇಲೆ ಬಿತ್ತು. ಮುಂದೇನು? ಯಂತ್ರಕ್ಕೆ ಮೂರು ದಾರಿ. ಮುಂದಿನ ಕೆಲಸದ ದಿನಕ್ಕೆ ಹೋಗು, ಹಿಂದಿನ ಕೆಲಸದ ದಿನಕ್ಕೆ ಬಾ, ಅಥವಾ ಅಲ್ಲೇ ನಿಲ್ಲು. ಇದು ಗಣಿತ ಅಲ್ಲ ಸ್ವಾಮಿ, ತೀರ್ಮಾನ. ರಜೆಯ ಭಾರ ಯಾರ ಹೆಗಲಿಗೆ ಅನ್ನುವ ತೀರ್ಮಾನ.

ಈ ದೇಶದ ಕಾನೂನು ಈ ಮೂರನ್ನೂ ಬಲ್ಲದು. 1897ರ ಜನರಲ್ ಕ್ಲಾಸಸ್ ಕಾಯ್ದೆಯ 10ನೇ ಕಲಂ ಪ್ರಕಾರ, ಕೋರ್ಟಿನಲ್ಲೋ ಕಚೇರಿಯಲ್ಲೋ ಮಾಡಬೇಕಾದ ಕೆಲಸಕ್ಕೆ ಕೊನೆಯ ದಿನ ಆ ಕಚೇರಿ ಮುಚ್ಚಿದ್ದರೆ, ಮತ್ತೆ ತೆರೆದ ದಿನ ಮಾಡಿದರೂ ಸಕಾಲದಲ್ಲೇ ಮಾಡಿದ ಹಾಗೆ. ದಾವೆ ಹೂಡುವುದಕ್ಕೆ 1963ರ ಕಾಲಮಿತಿ ಕಾಯ್ದೆಯ 4ನೇ ಕಲಮೂ ಇದನ್ನೇ ಹೇಳುತ್ತದೆ. ರಾಜಾ ಹರೀಂದರ್ ಸಿಂಗ್ ಮತ್ತು ಕರ್ನೈಲ್ ಸಿಂಗ್ ಅವರ ಚುನಾವಣಾ ತಕರಾರಿನಲ್ಲಿ 1957ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಈ 10ನೇ ಕಲಮಿನ ಉದ್ದೇಶವನ್ನು ಬಿಡಿಸಿ ಹೇಳಿದೆ. ರಜೆಯ ದಿನ ಮಾಡಬಹುದಾಗಿದ್ದ ಕೆಲಸವನ್ನು ಮುಂದಿನ ಕೆಲಸದ ದಿನ ಮಾಡಲು ಬಿಡಬೇಕು ಎಂಬುದೇ ಅದು. ಆದರೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಕಲಂ ಉಲ್ಟಾ. ವಾಯಿದೆ ಹಾಕಿದ ಪ್ರಾಮಿಸರಿ ನೋಟೋ ಹುಂಡಿಯೋ ರಜೆಯ ದಿನ ಪಕ್ವವಾದರೆ ಹಿಂದಿನ ಕೆಲಸದ ದಿನವೇ ಅದರ ವಾಯಿದೆ. ಸಾಹುಕಾರರ ಕಾಗದಕ್ಕೆ ಸಾಹುಕಾರರ ಲೆಕ್ಕ!

ಬ್ಯಾಂಕಿನಲ್ಲಿ ಠೇವಣಿ ಇಟ್ಟವನ ಗತಿ ನೋಡಿ. ಅವನ ಠೇವಣಿ ರಜೆಯ ದಿನ ಪಕ್ವವಾದರೆ ಮುಂದಿನ ಕೆಲಸದ ದಿನ ಹಣ ಕೊಡಬೇಕು, ನಡುವಿನ ರಜೆಗೂ ಒಪ್ಪಿದ ದರದಲ್ಲೇ ಬಡ್ಡಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವಿದೆ. ನ್ಯಾಯವಾದ ನಿಯಮ, ಯಾರೂ ಬೇಡ ಅನ್ನುವುದಿಲ್ಲ. ಸಾಲ ತಂದ ರೈತನಿಗೆ? ಜನರಲ್ ಕ್ಲಾಸಸ್ ಕಾಯ್ದೆ ಇರುವುದು ಕಾನೂನೇ ಹಾಕಿದ ಗಡುವುಗಳಿಗೆ, ಬ್ಯಾಂಕು ಬರೆಸಿಕೊಂಡ ಕರಾರಿಗೆ ಅದು ತಾನಾಗಿ ಬಂದು ಕೂರುವುದಿಲ್ಲ. ರಜೆ ಬಂದರೆ ಏನು ಅನ್ನುವುದು ಕರಾರಿನಲ್ಲಿ ಬರೆದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2021ರ ನವೆಂಬರ್ 12ರ ಸುತ್ತೋಲೆಯಲ್ಲಿ ರಿಸರ್ವ್ ಬ್ಯಾಂಕು ಎರಡು ಮಾತು ಹೇಳಿತು. ವಾಯಿದೆಯ ಖಚಿತ ತಾರೀಖು ಸಾಲದ ಕರಾರಿನಲ್ಲೇ ಇರಬೇಕು. ಆ ತಾರೀಖಿನ ದಿನದ ಲೆಕ್ಕ ಮುಚ್ಚುವ ಹೊತ್ತಿಗೆ ಹಣ ಬಂದಿರದಿದ್ದರೆ, ಲೆಕ್ಕ ಯಾವಾಗಲೇ ಮುಚ್ಚಲಿ, ಖಾತೆ ಅದೇ ತಾರೀಖಿನಿಂದ ಸುಸ್ತಿ. ಮೊದಲನೇ ಮಾತು ನಮಗೆ ಉಪಕಾರ. ಎರಡನೆಯದು ಯಂತ್ರದ ಕೈಗೆ ಕೊಟ್ಟ ಕತ್ತರಿ.

ಯಂತ್ರಕ್ಕೆ ಭಾನುವಾರ ಇಲ್ಲ. 2021ರ ಆಗಸ್ಟ್ 1ರಿಂದ ಖಾತೆಯಿಂದ ತಾನಾಗಿ ಕಂತು ಎಳೆಯುವ ವ್ಯವಸ್ಥೆ ರಜಾ ದಿನಗಳಲ್ಲೂ ನಡೆಯುತ್ತಿದೆ. ಎಳೆಯುವ ಕೈಗೆ ರಜೆ ಇಲ್ಲ, ಇಸಿದುಕೊಳ್ಳುವ ಕೌಂಟರಿಗೆ ಮಾತ್ರ ರಜೆ! ‘ಮೊಬೈಲಿನಲ್ಲಿ ಕಟ್ಟಬಹುದಲ್ಲ’ ಅನ್ನುತ್ತಾರೆ. ಖಾತೆಯಲ್ಲಿ ದುಡ್ಡಿದ್ದವನು ಕಟ್ಟಿಯಾನು. ಕೈಸಾಲ ತಂದು ನೋಟು ಹಿಡಿದು ನಿಂತವನು ಯಾವ ಮೊಬೈಲಿಗೆ ತುರುಕಬೇಕು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಈ ಕೈಸಾಲದ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಕಾಗದದ ಮೇಲೆ ಇರಲಿ. ಉಂಡೆ ಕೊಬ್ಬರಿ ಒಂದು ದಿನದಲ್ಲಿ ಆಗುವುದಲ್ಲ. ಕಾಯಿ ಅಟ್ಟ ಹತ್ತಿ ಹತ್ತು ಹನ್ನೊಂದು ತಿಂಗಳು ಕೂರಬೇಕು, ಒಳಗಿನ ನೀರು ಇಂಗಬೇಕು, ಕೊಬ್ಬರಿ ಕರಟ ಬಿಟ್ಟು ಗಲಗಲ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಒಡೆದು, ಆರಿಸಿ, ಚೀಲ ತುಂಬಿ ಮಾರುಕಟ್ಟೆಗೆ. ಹರಾಜು ಇರುವುದು ವಾರಕ್ಕೆ ಎರಡೇ ದಿನ. ಕೊಬ್ಬರಿಗೆ ಹನ್ನೊಂದು ತಿಂಗಳು ಅಟ್ಟ, ಸಾಲಕ್ಕೆ ಹನ್ನೆರಡು ತಿಂಗಳು ವಾಯಿದೆ. ನಡುವೆ ಉಳಿದ ಜಾಗ ಎಷ್ಟು ಅಂತ ನೀವೇ ಅಳೆಯಿರಿ. ಆ ಜಾಗದಲ್ಲಿ ಹಬ್ಬ, ಭಾನುವಾರ, ಸುಲಿಯುವವರು ಸಿಗದ ದಿನ ಎಲ್ಲ ಬರಬೇಕು. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಇದ್ದಾಗ ಮಾರುಕಟ್ಟೆಯಲ್ಲಿ ಎಂಟು ಒಂಬತ್ತು ಸಾವಿರಕ್ಕೆ ಕೂಗಿದರು. ಕಾಯುವ ಶಕ್ತಿ ಇದ್ದವನು ಕಾದ. ವಾಯಿದೆ ಇದ್ದವನು ಕೂಗಿದ ಬೆಲೆಗೆ ಕೊಟ್ಟು ಬಂದ.

ಕೊಬ್ಬರಿ ಮಾರದೆ ವಾಯಿದೆ ಉಳಿಸಿಕೊಳ್ಳಬೇಕಾದವನು ಏನು ಮಾಡುತ್ತಾನೆ? ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಸಂಘಕ್ಕೆ ಕಟ್ಟಿ, ಹೊಸ ಸಾಲ ಕೈಗೆ ಬಂದ ಕೂಡಲೇ ಅದನ್ನು ತೀರಿಸುತ್ತಾನೆ. 3 ಲಕ್ಷಕ್ಕೆ ತಿಂಗಳಿಗೆ 9,000, ದಿನಕ್ಕೆ 300. 2025ರ ಮಾರ್ಚ್ 29ರ ಶನಿವಾರ ಕಟ್ಟಿದವನಿಗೆ ತಡಮಾಡದೆ ಏಪ್ರಿಲ್ 2ಕ್ಕೇ ಹೊಸ ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ, ನಡುವಿನ ನಾಲ್ಕು ದಿನಕ್ಕೆ 1,200 ರೂಪಾಯಿ. ಯುಗಾದಿಯ ಒಬ್ಬಟ್ಟಿಗಿಂತ ಯುಗಾದಿಯ ಬಡ್ಡಿಯೇ ದುಬಾರಿ. ಇದರ ಬದಲು ‘ವಾಯಿದೆಯ ದಿನ ರಜೆ ಬಂದರೆ ಮುಂದಿನ ಕೆಲಸದ ದಿನ ಕಟ್ಟಿದರೂ ಸಕಾಲ’ ಅನ್ನುವ ಒಂದು ಸಾಲು ಕರಾರಿನಲ್ಲಿ ಇದ್ದಿದ್ದರೆ, ಏಪ್ರಿಲ್ 2ರ ಬೆಳಿಗ್ಗೆ ಹಳೆಯದನ್ನು ಕಟ್ಟಿ ಅಂದೇ ಹೊಸದಕ್ಕೆ ರುಜು ಹಾಕಬಹುದಿತ್ತು. ಸರ್ಕಾರಕ್ಕೆ ಒಂದು ಪೈಸೆ ಖರ್ಚಿಲ್ಲದ ಸಾಲಮನ್ನಾ ಇದು, ಬೇಕಾದರೆ ಹಾಗೆ ಕರೆಯಿರಿ.

ಆದ್ದರಿಂದ ನಾವು ಕೇಳುವುದು ದಯೆ ಅಲ್ಲ, ಆ ಒಂದು ಸಾಲು. ಸಂಘದ ಕರಾರಿನಲ್ಲಿ, ಬ್ಯಾಂಕಿನ ಕರಾರಿನಲ್ಲಿ, ತಂತ್ರಾಂಶದ ಒಳಗೆ, ಮೂರೂ ಕಡೆ ಒಂದೇ ಸಾಲು. ಬಡ್ಡಿ ರಿಯಾಯಿತಿಯ ಆದೇಶ ಹೊರಡಿಸುವ ಸರ್ಕಾರಗಳೂ ಅದನ್ನು ಆದೇಶದಲ್ಲೇ ಬರೆಯಬೇಕು. ಇಲ್ಲದಿದ್ದರೆ ಸಂಘ ಒಪ್ಪಿದರೂ ಮೇಲಿನವರು ಕ್ಲೇಮು ವಾಪಸ್ ಕಳಿಸುತ್ತಾರೆ. ಯಂತ್ರದ ಒಳಗಿನ ರಜಾ ಪಟ್ಟಿಯನ್ನು ಜನವರಿಯಲ್ಲೇ ಅಚ್ಚು ಹಾಕಿಸಿ ಸಂಘದ ಗೋಡೆಗೆ ಅಂಟಿಸಲಿ, ಕನಕ ಜಯಂತಿ ಬಿಟ್ಟುಹೋಗಿದ್ದರೆ ನಾವೇ ತೋರಿಸಿಕೊಡುತ್ತೇವೆ. ಹಠಾತ್ತನೆ ಸಾರಿದ ರಜೆಯಿಂದ ಸುಸ್ತಿ ಬಿದ್ದ ಖಾತೆಯನ್ನು ಸರಿಪಡಿಸುವ ಅಧಿಕಾರ ಯಾವ ಮನುಷ್ಯನಿಗಿದೆ ಅಂತಲೂ ಅದೇ ಗೋಡೆಯ ಮೇಲೆ ಇರಲಿ. ‘ಸಿಸ್ಟಮ್ ತಗೊಳ್ತಿಲ್ಲ’ ಅನ್ನುವ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಅಲ್ಲಿಯವರೆಗೆ ನಿಮ್ಮ ಕೈಯಲ್ಲಿರುವುದನ್ನು ಮಾಡಿ. ಸಾಲದ ಪತ್ರಕ್ಕೆ ರುಜು ಹಾಕುವ ದಿನವೇ ವಾಯಿದೆಯ ತಾರೀಖು ಪಾಸ್‌ಬುಕ್ಕಿನಲ್ಲಿ ಬರೆಸಿಕೊಳ್ಳಿ, ಅದನ್ನು ಮನೆಯ ಕ್ಯಾಲೆಂಡರಿನಲ್ಲಿ ಹುಡುಕಿ. ಕೆಂಪು ಅಂಕಿಯ ಮೇಲೆ ಬಿದ್ದಿದ್ದರೆ ಹಿಂದಕ್ಕೆ ಎಣಿಸಿ ಕೊನೆಯ ಕೆಲಸದ ದಿನ ಯಾವುದು, ಅದಕ್ಕೂ ಹಿಂದಿನ ಹರಾಜಿನ ದಿನ ಯಾವುದು ಅಂತ ಗುರುತು ಹಾಕಿ. ಐದನೇ ಶನಿವಾರ ಬ್ಯಾಂಕು ತೆರೆದಿರುತ್ತದೆ, ರಜೆ ಅಂದುಕೊಂಡು ಮನೆಯಲ್ಲಿ ಕೂರಬೇಡಿ. ಕಟ್ಟಿದ ಹಣಕ್ಕೆ ಅಂದಿನ ತಾರೀಖಿನ ರಸೀದಿ ಇಲ್ಲದೆ ಕೌಂಟರು ಬಿಡಬೇಡಿ.

ಮತ್ತೆ ಇನ್ನೊಂದು. ‘ವಾಯಿದೆಯ ದಿನ ರಜೆಯಾದರೆ ನನ್ನ ಸಾಲದ ಗಡುವು ಯಾವುದು?’ ಅಂತ ಒಂದೇ ಸಾಲಿನ ಅರ್ಜಿ ಬರೆದು ನಿಮ್ಮ ಸಂಘಕ್ಕೂ ಬ್ಯಾಂಕಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಉತ್ತರ ಬೇಡ, ಬರವಣಿಗೆಯಲ್ಲಿ ಬರಲಿ. ಬಂದ ಉತ್ತರದ ನಕಲನ್ನು ಪತ್ರಿಕೆಗೆ ಕಳಿಸಿಕೊಡಿ. ಯಾವ ಊರಿನ ಸಂಘ ಮುಂದಕ್ಕೆ ಎಣಿಸುತ್ತದೆ, ಯಾವುದು ಹಿಂದಕ್ಕೆ, ಯಾವುದು ಉತ್ತರವನ್ನೇ ಕೊಡುವುದಿಲ್ಲ ಅಂತ ಮುಂದಿನ ಸಂಚಿಕೆಯಲ್ಲಿ ತಾಲ್ಲೂಕುವಾರು ಅಚ್ಚು ಹಾಕುತ್ತೇವೆ.