ಜಾಣ ನಗರದ ಅಂಕಪಟ್ಟಿ

ಕೇಂದ್ರ ಸರ್ಕಾರವು 2021ರ ಮಾರ್ಚ್‌ನಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕೂ ಅಧಿಕ ಜನಸಂಖ್ಯೆಯ ನಗರಗಳ ಪೈಕಿ ಬೆಂಗಳೂರು 66.70 ಅಂಕ ಗಳಿಸಿ ಪ್ರಥಮ ಸ್ಥಾನ ಪಡೆಯಿತು. ಹೆಮ್ಮೆಪಟ್ಟವರಲ್ಲಿ ನಾವೂ ಇದ್ದೆವು. ಮರುವರ್ಷದ ಸೆಪ್ಟೆಂಬರ್ ಮಳೆಗೆ ಹೊರವರ್ತುಲ ರಸ್ತೆ ಮುಳುಗಿ, ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿ ಸೇರಬೇಕಾಯಿತು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿದವು.

ಅಂಕಗಳು ಸುಳ್ಳಲ್ಲ, ಅಳತೆಗೋಲೇ ಹಾಗಿತ್ತು. ನೂರರಲ್ಲಿ ಸುಸ್ಥಿರತೆಗೆ ಮೀಸಲಾದುದು ಇಪ್ಪತ್ತೇ. ಬೆಂಗಳೂರು ಎಲ್ಲರನ್ನೂ ಮೀರಿಸಿದ್ದು ಆರ್ಥಿಕ ಸಾಮರ್ಥ್ಯದಲ್ಲಿ. ನಮ್ಮ ಅನೇಕ ಕುಟುಂಬಗಳ ಮಕ್ಕಳು ಸಾಲ ಮಾಡಿ ಅಲ್ಲಿ ಮನೆ ಕೊಳ್ಳುತ್ತಿದ್ದಾರೆ. ಆ ನಿವೇಶನದಲ್ಲಿ ಹಿಂದೆ ರಾಜಕಾಲುವೆ ಹರಿಯುತ್ತಿತ್ತೇ, ಕೊಳವೆಬಾವಿಯ ನೀರು ಎಷ್ಟು ಆಳಕ್ಕಿಳಿದಿದೆ ಎಂಬುದನ್ನು ಇಡೀ ನಗರಕ್ಕೆ ಕೊಟ್ಟ ಒಂದೇ ಅಂಕ ತಿಳಿಸಲಾರದು. ಮುಂದಿನ ಸೂಚ್ಯಂಕವಾದರೂ ಇವನ್ನು ವಾರ್ಡುವಾರು ಅಳೆದು ಪ್ರಕಟಿಸಲಿ.